ನಾಯಿಯ ಮೈಮೇಲೆ ಆ ಬೀದಿಯ ಸ್ವೆಟರ್

ಹಳೇ ರೇಷ್ಮೆ ಸೀರೆಗೆ ನಾಯಿಕೂದಲು ಅಂಟಿದರೆ ಬ್ರಷ್ ತಗೊಂಡು ಉಜ್ಜಬೇಡಿ. ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ಒಂದೇ ಕಡೆಗೆ ಎಳೆಯಿರಿ, ಕೂದಲೆಲ್ಲ ಬತ್ತಿಯ ಹಾಗೆ ಹೊಸೆದುಕೊಂಡು ಬಂದುಬಿಡುತ್ತೆ, ಜರಿಗೂ ಏನೂ ಆಗೋದಿಲ್ಲ. ಎಂಬತ್ತರ ದಶಕದ ನಡುವೆ ಒಂದು ಇಡೀ ಚಳಿಗಾಲ ದಿನಾ ಬೆಳಿಗ್ಗೆ ನಾನು ಮಾಡಿದ ಕೆಲಸ ಅದು.

ಮೊದಲ ದಿನ ಚೆನ್ನಾಗಿ ನೆನಪಿದೆ. ದೀಪಾವಳಿ ಕಳೆದು ವಾರವಾಗಿತ್ತು. ಹಬ್ಬಕ್ಕೆ ಮನೆ ಗುಡಿಸಿದವರೆಲ್ಲ ಬೀರು ಖಾಲಿ ಮಾಡಿ ಬಟ್ಟೆ ಕೊಟ್ಟಿದ್ದರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದುಗಡೆ, ಶೀಟು ಹೊದಿಸಿದ ನನ್ನ ಒಂಟಿ ಕೋಣೆಯ ಮುಂದೆ ಗೋಣಿ ಹಾಸಿಕೊಂಡು ವಿಂಗಡಿಸುತ್ತಾ ಕೂತಿದ್ದೆ. ಹರಿಯದೇ ಇರೋದು ಒಂದು ಕಡೆ, ತೇಪೆ ಹಾಕಬಹುದಾದ್ದು ಒಂದು ಕಡೆ, ಗ್ಯಾರೇಜಿನವರಿಗೆ ಎಣ್ಣೆ ಒರೆಸೋಕೆ ಮಾತ್ರ ಆಗೋದು ಇನ್ನೊಂದು ಕಡೆ. ನಾಯಿ ಎಂದಿನಂತೆ ಗೋಣಿಯ ತುದಿಯಲ್ಲಿ ಮಲಗಿತ್ತು. ಒಂದು ಸೀರೆ ಎಳೆದರೆ ಅದರ ತುಂಬ ಕಂದು ಕೂದಲು. "ಥೂ ನಿನ್ನ, ಎಲ್ಲಿ ಹೊರಳಾಡಿ ಬಂದ್ಯೋ" ಅಂತ ಬೈದು ಅದರ ಸೊಂಟದ ಮೇಲೆ ಒಂದು ತಟ್ಟಿದೆ. ಕೈ ತೆಗೆದರೆ ಕೈಯಲ್ಲೊಂದು ಹಿಡಿ. ತಟ್ಟಿದ ಜಾಗದಲ್ಲಿ ಬರೀ ಚರ್ಮ.

ಆಗ ನನ್ನ ಕಸುಬು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋದು. ಬಿದಿರಿನ ಬುಟ್ಟಿಯಲ್ಲಿ ಲೋಟ, ತಟ್ಟೆ, ಡಬರಿ, ಟಿಫನ್ ಕ್ಯಾರಿಯರ್ ತುಂಬಿಕೊಂಡು ತಲೆ ಮೇಲಿಟ್ಟುಕೊಂಡು ಬೀದಿ ಬೀದಿ ಸುತ್ತೋದು. ಸೋಮವಾರ ರಾಜಾಜಿನಗರದ ಬ್ಲಾಕುಗಳು, ಮಂಗಳವಾರ ಮಹಾಲಕ್ಷ್ಮಿ ಲೇಔಟು, ಹೀಗೆ ವಾರಕ್ಕೊಂದು ಸುತ್ತು. ಗಂಡ ಅನ್ನಿಸಿಕೊಂಡವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ನನ್ನ ಹತ್ತಿರ ಉಳಿದಿದ್ದು ತವರಿನ ಒಂದು ತಾಮ್ರದ ಹಂಡೆ. ಅದನ್ನು ಮಾರ್ಕೆಟ್ಟಿನ ಸಗಟು ಅಂಗಡಿಯಲ್ಲಿ ಮೊದಲ ಬುಟ್ಟಿ ಪಾತ್ರೆಗೆ ಬದಲಾಯಿಸಿಕೊಂಡೆ. ಆ ದಿನ ಬುಟ್ಟಿ ಹೊತ್ತು ವಾಪಸ್ ಬರುವಾಗ ಮಾರ್ಕೆಟ್ಟಿನಿಂದ ಹಿಂದೆ ಬಿದ್ದ ಮರಿ ಇದು. ಎಷ್ಟು ಓಡಿಸಿದರೂ ಹೋಗಲಿಲ್ಲ. ಹತ್ತು ವರ್ಷ ನನ್ನ ಎಡಗಡೆಗೇ ನಡೀತು.

ಹೆಸರು ಅಂತ ಇಡಲಿಲ್ಲ. ಇಬ್ಬರೇ ಇರೋ ಕಡೆ ಹೆಸರು ಯಾಕೆ ಬೇಕು? "ನಡಿಯೋ" ಅಂದರೆ ನಡೀತಿತ್ತು, "ಕೂತ್ಕೋ" ಅಂದರೆ ಬುಟ್ಟಿ ಪಕ್ಕ ಕೂರುತ್ತಿತ್ತು. ದಿನವಿಡೀ ನನ್ನ ಬಾಯಲ್ಲಿ ಬರುತ್ತಿದ್ದ ಮಾತೆಲ್ಲ ವ್ಯಾಪಾರದ ಮಾತು. "ಎರಡು ಪ್ಯಾಂಟಿಗೆ ಈ ಡಬರಿ ಬರಲ್ಲಮ್ಮ, ಮೇಲೊಂದು ಸೀರೆ ಹಾಕಿ." "ಕಾಲರ್ ಸವೆದಿದೆ ನೋಡಿ." ವ್ಯಾಪಾರವಲ್ಲದ ಮಾತು ಆಡುತ್ತಿದ್ದದ್ದು ಒಂದು ಬೀದಿಗೂ ಇನ್ನೊಂದು ಬೀದಿಗೂ ನಡುವೆ, ನಾಯಿಯ ಹತ್ತಿರ. ಆ ಮನೆಯಾಕೆ ಹೆಂಗೆ ಏಮಾರಿಸೋಕೆ ನೋಡಿದಳು, ಈ ಮನೆಯ ಹುಳಿ ಘಮ ಹೆಂಗಿತ್ತು, ಕಾಲು ಎಷ್ಟು ನೋಯ್ತಿದೆ, ಎಲ್ಲ ಅದಕ್ಕೇ ಹೇಳೋದು. ಅದು ಕಿವಿ ಹಿಂದಕ್ಕೆ ಮಾಡಿಕೊಂಡು ಕೇಳ್ತಿತ್ತು.

ಒಂದು ತಿಂಗಳಲ್ಲಿ ಬೆನ್ನಿನ ಎರಡೂ ಪಕ್ಕ ಬೋಳಾಯಿತು. ಬಾಲ ಹಗ್ಗದ ತುದಿಯ ಹಾಗಾಯಿತು. ತಲೆ, ಕಾಲು ಮಾತ್ರ ಮೊದಲಿನ ಹಾಗೇ ಇತ್ತು. ಚರ್ಮ ಹಂಡೆಯ ತಳದ ಹಾಗೆ ಕಪ್ಪಗಾಗುತ್ತಾ ಬಂತು. ನಾನು ಸುಮ್ಮನೆ ಕೂರುವವಳಲ್ಲ. ಬೇವಿನ ಸೊಪ್ಪು ಅರೆದು ಹಚ್ಚಿದೆ. ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಪಕ್ಕದ ಲೇತ್ ಶಾಪಿನವನು "ಸುಟ್ಟ ಆಯಿಲ್ ಹಚ್ಚಿ ಅಕ್ಕ, ಒಂದೇ ವಾರಕ್ಕೆ ಹುಳ ಸತ್ತು ಬೀಳುತ್ತೆ" ಅಂತ ಡಬ್ಬಿಯಲ್ಲಿ ತಂದುಕೊಟ್ಟ. ಹಚ್ಚಿದೆ. ನಾಯಿ ಅದನ್ನು ನೆಕ್ಕಿ ಎರಡು ದಿನ ವಾಂತಿ ಮಾಡಿಕೊಂಡಿತು. ಯಾರಾದರೂ ನಿಮಗೆ ಆ ಆಯಿಲ್ ಹೇಳಿದರೆ, ಅವರ ಮಾತು ಕೇಳಬೇಡಿ, ಇಷ್ಟು ಮಾತ್ರ ನನ್ನಿಂದ ತಿಳಕೊಳ್ಳಿ.

ಕೊನೆಗೆ ಸರ್ಕಾರಿ ದನದ ಆಸ್ಪತ್ರೆಗೆ ಕರಕೊಂಡು ಹೋದೆ. ಎಮ್ಮೆ, ಹಸುಗಳ ನಡುವೆ ಅರ್ಧ ದಿನ ಕಾದ ಮೇಲೆ ಇನ್ನೂ ಹುಡುಗನ ಹಾಗಿದ್ದ ಒಬ್ಬ ಡಾಕ್ಟರು ನೋಡಿದರು.

"ಕೆರ್ಕೊಳ್ಳುತ್ತಾ?"

"ಇಲ್ಲ ಸಾರ್."

"ಒಂದ್ ಸಲಾನೂ?"

"ಸೊಳ್ಳೆ ಕಚ್ಚಿದ್ರೆ ಕೆರ್ಕೊಳ್ಳುತ್ತೆ, ನಾನೂ ಕೆರ್ಕೊಳ್ತೀನಿ."

ಅವರು ಬ್ಲೇಡಿನಿಂದ ಚರ್ಮ ಹೆರೆದು ಗಾಜಿನ ತುಂಡಿನ ಮೇಲಿಟ್ಟು ಒಳಗೆ ಹೋಗಿ ನೋಡಿಕೊಂಡು ಬಂದರು. "ಹುಳ ಇಲ್ಲ. ಇದು ಕಜ್ಜಿ ಅಲ್ಲಮ್ಮ. ಎರಡೂ ಪಕ್ಕ ಸಮನಾಗಿ ಉದುರಿದೆ ನೋಡಿ. ಒಳಗಡೆ ಯಾವುದೋ ಗ್ರಂಥಿ ಕೈಕೊಟ್ಟಿರಬಹುದು. ಇರಬಹುದು ಅಷ್ಟೇ. ಇದೇ ಅಂತ ಹೇಳೋಕೆ ರಕ್ತದ ಪರೀಕ್ಷೆ ಬೇಕು, ಅದು ನಮ್ಮಲ್ಲಿಲ್ಲ."

"ಏನೋ ಒಂದು ಹೇಳಿ ಸಾರ್."

"ಗೊತ್ತಿಲ್ಲದ್ದನ್ನ ಏನಂತ ಹೇಳ್ಲಿ?"

"ಪೂರ್ತಿ ಬೇಡ, ಅರ್ಧ ಕೂದಲಾದ್ರೂ ಬರೋ ಹಾಗೆ ಏನಾದ್ರೂ ಕೊಡಿ."

ಅವರು ನಕ್ಕುಬಿಟ್ಟರು. "ಇಲ್ಲಿ ಚೌಕಾಸಿ ನಡೆಯಲ್ಲಮ್ಮ. ಒಂದು ತಿಳ್ಕೊಳ್ಳಿ, ಇದು ಯಾರಿಗೂ ಅಂಟಲ್ಲ. ಇದಕ್ಕೆ ಚಳಿ ತಡೆಯೋಕಾಗಲ್ಲ, ಬೆಚ್ಚಗಿಟ್ಕೊಳ್ಳಿ."

"ಅಂಟಲ್ಲ ಅನ್ನೋದನ್ನ ಬರ್ದು ಕೊಡಿ ಸಾರ್."

ಬರೆದುಕೊಟ್ಟರು. ಆ ಚೀಟಿ ಕೇಳೋಕೆ ಕಾರಣ ಇತ್ತು. ಅಷ್ಟರಲ್ಲಿ ಗೇಟುಗಳು ಮುಚ್ಚಿಕೊಳ್ಳೋಕೆ ಶುರುವಾಗಿದ್ದವು. ಮೊದಲು ಶುರುವಾದದ್ದು ರಾಜಾಜಿನಗರದ ಒಂದು ದೊಡ್ಡ ಮನೆಯಲ್ಲಿ.

"ಏ ಪಾತ್ರೆಯಮ್ಮ, ಅಲ್ಲೇ ನಿಲ್ಲು. ಏನದು ನಿನ್ನ ನಾಯಿಗೆ, ಕಜ್ಜಿನಾ?"

"ಅಲ್ಲಮ್ಮ, ವಯಸ್ಸಾಯ್ತು."

"ನಮ್ಮತ್ತೆಗೂ ಎಪ್ಪತ್ತಾಗಿದೆ, ಅವರ ಕೂದಲೇನೂ ಹಂಗೆ ಉದುರಿಲ್ಲ."

ಒಳಗಿಂದ ಅತ್ತೆಯ ದನಿ ಬಂತು. "ಇನ್ನೆರಡು ವರ್ಷ ನಿನ್ನ ಜೊತೆ ಇದ್ರೆ ಅದೂ ಉದುರುತ್ತೆ ಅಂತ ಹೇಳು!"

ನಾವು ಮೂವರೂ ನಕ್ಕೆವು. ಆದರೆ ಗೇಟು ತೆಗೆಯಲಿಲ್ಲ. ಆಮೇಲೆ ಬೀದಿಯಿಂದ ಬೀದಿಗೆ ಮಾತು ಹಬ್ಬಿತು: ಅವಳು ಬಟ್ಟೆ ಗುಡ್ಡೆ ಹಾಕೋ ಕಡೇನೇ ಆ ನಾಯಿ ಮಲಗುತ್ತೆ, ಪಾತ್ರೇನೂ ಅದರ ಪಕ್ಕಾನೇ ಇರುತ್ತೆ. ಡಾಕ್ಟರ ಚೀಟಿ ಚಾಚಿದರೆ ಒಬ್ಬಾಕೆ ಕೈ ಹಿಂದಕ್ಕೆ ಎಳೆದುಕೊಂಡು, "ನಾಯಿ ಮುಟ್ಟಿದ ಕೈಯಲ್ಲಿ ಕೊಡ್ಬೇಡ, ಅಲ್ಲಿಂದಾನೇ ಓದು" ಅಂದರು. ಅದು ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡದಲ್ಲಿ.

ಎಲ್ಲರೂ ಹೇಳಿದ್ದು ಒಂದೇ: ನಾಯೀನ ಮನೇಲಿ ಬಿಟ್ಟು ಬಾ. ಎರಡು ದಿನ ಬಿಟ್ಟೂ ನೋಡಿದೆ. ಮೊದಲ ಸಂಜೆ ಬಂದಾಗ ಅದು ಬೊಗಳಿ ಬೊಗಳಿ ಗಂಟಲು ಕಟ್ಟಿಸಿಕೊಂಡಿತ್ತು. ಕಟ್ಟಿದ ಹಗ್ಗದ ಸುತ್ತ ನೆಲ ಕೆದಕಿತ್ತು. ಅದರದ್ದು ಹಾಗಿರಲಿ, ನನ್ನದು ಹೇಳ್ತೀನಿ. ಎರಡನೇ ದಿನ ವಿಜಯನಗರದ ರಸ್ತೆಯಲ್ಲಿ ನಡೀತಾ, "ನೋಡಿದ್ಯೇನೋ, ಟೆರಿಕಾಟ್ ಅಂತ ನೈಲಾನ್ ಕೊಟ್ಟಳು" ಅಂತ ಎಡಗಡೆಗೆ ತಿರುಗಿ ಹೇಳಿದೆ. ಅಲ್ಲಿ ಚರಂಡಿ ಇತ್ತು. ಸೈಕಲ್ಲಿನಲ್ಲಿ ಹೋಗ್ತಿದ್ದವನು ನನ್ನನ್ನು ನೋಡಿಕೊಂಡು ಹೋದ. ಮೂರನೇ ದಿನದಿಂದ ಮತ್ತೆ ಕರಕೊಂಡು ಹೊರಟೆ. ಬಾಗಿಲುಗಳು ಬೇಕಿದ್ದರೆ ನಾಯಿ ಬಿಡಬೇಕು, ನಾಯಿ ಬೇಕಿದ್ದರೆ ಬಾಗಿಲು ಬಿಡಬೇಕು ಅಂತ ಗೊತ್ತಾಗಿತ್ತು. ಆದರೆ ಎರಡನ್ನೂ ಉಳಿಸಿಕೊಳ್ಳೋ ದಾರಿ ಇದ್ದೇ ಇರುತ್ತೆ ಅಂತ ನಂಬಿಕೊಂಡೇ ಅಲ್ಲಿವರೆಗೆ ಬದುಕಿದ್ದವಳು ನಾನು.

ಜನ ಕಣ್ಣಿನಿಂದ ಕೊಳ್ಳುತ್ತಾರೆ. ಮಸುಕಾದ ಲೋಟಕ್ಕೆ ಹುಣಸೆಹಣ್ಣು ಹಾಕಿ ಬೆಳಗಿಟ್ಟರೆ ಅದೇ ಲೋಟ ಮೊದಲು ಹೋಗುತ್ತೆ. ಹಾಗೇ ಈ ಬೋಳು ಕಾಣದಿದ್ದರೆ ಸಾಕು ಅಂದುಕೊಂಡೆ. ಚಳಿಗೂ ಆಯಿತು, ಕಣ್ಣಿಗೂ ಆಯಿತು ಅಂತ ಟ್ರಂಕು ತೆಗೆದು ನೋಡಿದರೆ ಮೇಲೇ ಇತ್ತು ಒಂದು ಮರೂನ್ ಸ್ವೆಟರ್. ಕೈಯಲ್ಲಿ ಹೆಣೆದದ್ದು, ಎದೆಯ ಮೇಲೆ ಎರಡು ಬಿಳಿ ಬಾತುಕೋಳಿ. ನಾಲ್ಕು ವರ್ಷದ ಮಗುವಿನ ಅಳತೆ. ಮುಂದಿನ ಕಾಲು ಎರಡನ್ನೂ ತೋಳಿಗೆ ತೂರಿಸಿ ಹೊಟ್ಟೆ ಕೆಳಗೆ ಗುಂಡಿ ಹಾಕಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಈ ಸ್ವೆಟರು ಯಾರದು ಅಂತ ಇಲ್ಲಿ ಹೇಳಲೇಬೇಕು. ಬಸವೇಶ್ವರನಗರದಲ್ಲಿ ಒಬ್ಬ ಟೀಚರಮ್ಮ ಇದ್ದರು, ಒಬ್ಬರೇ. ಪ್ರತಿ ಶನಿವಾರ ಮಧ್ಯಾಹ್ನ ಅವರು ಶಾಲೆಯಿಂದ ಬಂದ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ, ಬಟ್ಟೆ ಇರಲಿ ಬಿಡಲಿ. ಅವರು ಕುಡಿಯೋ ಲೋಟದಂಥದೇ ಲೋಟದಲ್ಲಿ ನನಗೂ ಕಾಫಿ ಕೊಡ್ತಿದ್ದರು. ನಾಯಿಗೆ ಅಕ್ಕಿರೊಟ್ಟಿಯ ಅಂಚು ಮುರಿದು ಹಾಕ್ತಿದ್ದರು. ಮೆಟ್ಟಿಲ ಮೇಲೆ ಅವರು, ಕೆಳಗಿನ ಮೆಟ್ಟಿಲಲ್ಲಿ ನಾನು, ಅಂಗಳದಲ್ಲಿ ಅದು. ಬೇರೆ ಗೇಟುಗಳೆಲ್ಲ ಮುಚ್ಚಿದಾಗ ಅವರೊಬ್ಬರೇ, "ಪಾಪ, ಅದಕ್ಕೆ ಏನಾಯ್ತೋ ಏನೋ, ಒಳಗೆ ಬಾರಮ್ಮ" ಅಂದವರು. ಆ ಒಂದು ಮನೆ ಹೋದರೆ ವಾರದಲ್ಲಿ ನನ್ನನ್ನು ಕೂತ್ಕೋ ಅನ್ನುವವರು ಯಾರೂ ಇರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ತಂಗಿಯ ಮಗುವನ್ನು ನಾಲ್ಕು ವರ್ಷ ಸಾಕಿದ್ದರು, ಆಮೇಲೆ ತಂಗಿ ತನ್ನ ಮಗುವನ್ನು ಕರಕೊಂಡು ಹೋಗಿದ್ದಳು. ಈ ಚಳಿಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ಒಂದು ಗಂಟು ಬಟ್ಟೆ ತಂದು ಮೆಟ್ಟಿಲ ಮೇಲೆ ಬಿಚ್ಚಿದರು. ಈ ಸ್ವೆಟರನ್ನು ಗಂಟಿಗೆ ಹಾಕಿದರು, ತೆಗೆದು ಮಡಿಲಲ್ಲಿಟ್ಟುಕೊಂಡರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಅವರ ಕೈ ತಡೆದದ್ದು ನಾನು ನೋಡಿದೆ. ನೋಡಿದ್ದಕ್ಕೇ, ಏನೂ ಹೇಳದೆ, ಆ ಗಂಟಿಗೆ ಅಂತ ತೆಗೆದಿಟ್ಟಿದ್ದ ಟಿಫನ್ ಕ್ಯಾರಿಯರಿನ ಪಕ್ಕ ಒಂದು ಸೌಟು ಇಟ್ಟೆ. ವ್ಯಾಪಾರದಲ್ಲಿ ಅದು ನನ್ನ ಕೈಚಳಕ. ಎದುರಿನವರು ಹಿಂದೆ ಮುಂದೆ ನೋಡುವಾಗ ಮಾತಾಡಬಾರದು, ಒಂದು ಚಿಕ್ಕ ವಸ್ತು ಇಟ್ಟು ಬೇರೆ ಕಡೆ ನೋಡಬೇಕು. ಅವರು ಸೌಟು ನೋಡಿದರು, ನಕ್ಕರು. "ಇನ್ಯಾವುದೋ ಮಗು ಹಾಕ್ಕೊಳ್ಲಿ ಬಿಡು" ಅಂತ ಸ್ವೆಟರನ್ನು ನನ್ನ ಕೈಗೆ ಕೊಟ್ಟರು. ಉಣ್ಣೆಗೆ ಚಳಿಗಾಲದಲ್ಲಿ ಬೆಲೆ ಅಂತ ನಾನು ಅದನ್ನು ಟ್ರಂಕಿನಲ್ಲಿಟ್ಟೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ, ಯಾರೂ ಬರೆದಿಟ್ಟಿದ್ದಲ್ಲ. ಒಂದು ಬೀದೀಲಿ ತಗೊಂಡ ಬಟ್ಟೆ ಮತ್ತೆ ಆ ಬೀದಿಯ ಕಣ್ಣಿಗೆ ಬೀಳಬಾರದು. ಬಸವೇಶ್ವರನಗರದ್ದು ಕೆಂಗೇರಿ ಕಡೆಯ ಸಂತೆಗೆ, ವಿಜಯನಗರದ್ದು ಲಗ್ಗೆರೆಯ ಕಾರ್ಮಿಕರ ಮನೆಗಳಿಗೆ ಹೋಗಬೇಕು. ಜನ ಬಟ್ಟೆ ಕೊಟ್ಟುಬಿಡ್ತಾರೆ, ಆದರೆ ಅದು ಎಲ್ಲಿಗೆ ಹೋಯಿತು ಅಂತ ತಿಳಿಯೋಕೆ ಇಷ್ಟಪಡಲ್ಲ. ಈ ಕಟ್ಟುಪಾಡನ್ನು ನಾನು ಹತ್ತು ವರ್ಷದಲ್ಲಿ ಒಂದು ಸಲವೂ ಮುರಿದಿರಲಿಲ್ಲ. ನಾಯಿಗೆ ಹಾಕಿದಾಗಲೂ ಮುರಿದೆ ಅಂತ ಅನ್ನಿಸಲಿಲ್ಲ. ಮಾರಿದ್ದಲ್ಲವಲ್ಲ.

ಸ್ವೆಟರು ಕೆಲಸ ಮಾಡಿತು. ಮಹಾಲಕ್ಷ್ಮಿ ಲೇಔಟಿನಲ್ಲಿ ಗೇಟುಗಳು ತೆರೆದುಕೊಂಡವು. "ಏನಮ್ಮ, ನಾಯೀನ ಕಾನ್ವೆಂಟಿಗೆ ಸೇರಿಸಿದ್ಯಾ?" ಅಂತ ಒಬ್ಬರು, "ಟೈ ಎಲ್ಲಿ?" ಅಂತ ಇನ್ನೊಬ್ಬರು. ನಗುವವರು ಬಟ್ಟೆ ಕೊಡ್ತಾರೆ. ಬಸವೇಶ್ವರನಗರಕ್ಕೆ ಹೋಗುವ ಶನಿವಾರಗಳಲ್ಲಿ ಮಾತ್ರ ತಿರುವಿನಲ್ಲೇ ಸ್ವೆಟರು ಬಿಚ್ಚಿ ಬುಟ್ಟಿಯ ತಳಕ್ಕೆ ಹಾಕುತ್ತಿದ್ದೆ. ಮೂರು ಶನಿವಾರ ಹಾಗೇ ಮಾಡಿದೆ. ನಾಯಿ ಟೀಚರಮ್ಮನ ಅಂಗಳದಲ್ಲಿ ಬರೀ ಮೈಯಲ್ಲಿ ನಡುಗುತ್ತಾ ಕೂತಿರುತ್ತಿತ್ತು. ಅವರು ಬಿಸಿಲಿರುವ ಕಡೆಗೆ ಅದನ್ನು ಸರಿಸುತ್ತಿದ್ದರು.

ಆಮೇಲೊಂದು ಬುಧವಾರ ಟೀಚರಮ್ಮನ ಬೀದಿಯ ಹಿಂದಿನ ರಸ್ತೆಯ ಮನೆಯೊಂದಕ್ಕೆ ದೊಡ್ಡ ಡಬರಿ ಕೊಡಬೇಕಿತ್ತು. ಬೆಳಿಗ್ಗೆ ಹತ್ತು ಗಂಟೆ, ಮೋಡ ಕವಿದು ಕೊರೆಯುವ ಗಾಳಿ. ಟೀಚರಮ್ಮ ಶಾಲೆಯಲ್ಲಿರ್ತಾರೆ ಅಂತ ಲೆಕ್ಕ ಹಾಕಿ ಸ್ವೆಟರು ಬಿಚ್ಚಲಿಲ್ಲ. ಯಾರೋ ದೊಡ್ಡವರು ತೀರಿಕೊಂಡರು ಅಂತ ಆ ದಿನ ಶಾಲೆಗಳಿಗೆಲ್ಲ ಏಕಾಏಕಿ ರಜೆ ಕೊಟ್ಟಿದ್ದು ನನಗೆ ಗೊತ್ತಿರಲಿಲ್ಲ. ರೇಡಿಯೋ ಇದ್ದವರಿಗೆ ಗೊತ್ತಿತ್ತು.

ನಾನು ಡಬರಿ ತೋರಿಸುತ್ತಾ ಇರುವಾಗ ನಾಯಿ ನಿಧಾನಕ್ಕೆ ಎದ್ದು ಹೋಯಿತು. ಎಲ್ಲಿಗೆ ಹೋಗಿರುತ್ತೆ ಅಂತ ಗೊತ್ತಾಗಿ, ಪಾತ್ರೆ ಅಲ್ಲೇ ಬಿಟ್ಟು ಓಡಿದೆ. ಟೀಚರಮ್ಮ ಮೆಟ್ಟಿಲ ಮೇಲೆ ನೋಟ್‌ಬುಕ್ಕುಗಳ ಕಟ್ಟು ಇಟ್ಟುಕೊಂಡು ತಿದ್ದುತ್ತಿದ್ದರು. ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿ ಗೇಟಿನ ಹತ್ತಿರ ಬಂದರು. ಸರಳುಗಳ ನಡುವೆ ಕೈ ತೂರಿಸಿ ನಾಯಿಯ ಬೆನ್ನು ಸವರಿದರು. ಕೈ ಕತ್ತಿನ ಪಟ್ಟಿಯ ಹತ್ತಿರ ಬಂದು ನಿಂತಿತು.

"ಹೆಣೆಯುವಾಗ ಇಲ್ಲೊಂದು ಕುಣಿಕೆ ತಪ್ಪಿತ್ತು" ಅಂದರು. "ಮೂರು ಸಲ ಬಿಚ್ಚಿ ಹಾಕಿದ್ದೆ. ಆದ್ರೂ ಉಳ್ಕೊಳ್ತು."

"ಚಳಿಗೆ ಅಂತ ಮೇಡಂ. ಡಾಕ್ಟ್ರೇ ಹೇಳಿದ್ರು, ಬೆಚ್ಚಗಿಡಿ ಅಂತ..." ನಾನು ಆಗಲೇ ಮಂಡಿಯೂರಿ ಗುಂಡಿ ಬಿಚ್ಚೋಕೆ ಹೋಗಿದ್ದೆ.

"ಬಿಚ್ಚಬೇಡ. ನಡುಗ್ತಾ ಇದೆ ನೋಡು."

ಆ ಕುಣಿಕೆಯ ಮೇಲೆ ಬೆರಳಾಡಿಸಿದರು. "ಯಾವುದೋ ಮಗು ಹಾಕ್ಕೊಂಡು ಓಡಾಡ್ತಿರುತ್ತೆ ಅನ್ಕೊಂಡಿದ್ದೆ ಕಣಮ್ಮ" ಅಂದರು. ಅಷ್ಟೇ. ದನಿ ಏರಲಿಲ್ಲ.

ಆಗ ನಾನು ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ಬಾಯಿ ತೆಗೆದೆ. "ಮೇಡಂ, ಬೇಜಾರು ಮಾಡ್ಕೋಬೇಡಿ. ಇದರ ಬದಲಿಗೆ ಒಂದು ದೊಡ್ಡ ಡಬರಿ ಕೊಟ್ಬಿಡ್ತೀನಿ, ಮುಚ್ಚಳ ಸಮೇತ."

ಅವರು ನನ್ನ ಮುಖ ನೋಡಿದರು. ಹತ್ತು ವರ್ಷ ಜನರ ಮುಖ ಓದಿ ಅನ್ನ ತಿಂದವಳು ನಾನು, ಆ ಮುಖ ಓದೋಕೆ ಬಂತು. ನಾನು ಪಾತ್ರೆ ಮಾರುವವಳು ಅಂತ ಆಕೆಗೆ ಅವತ್ತೇ ಮೊದಲ ಸಲ ಕಂಡಿತ್ತು. ಮೆಟ್ಟಿಲ ಮೇಲಿನ ನೋಟ್‌ಬುಕ್ಕುಗಳನ್ನು ಎತ್ತಿ ಎದೆಗೆ ಒತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಕೂಡ ಜೋರಾಗಿ ಬರಲಿಲ್ಲ.

ಸ್ವೆಟರನ್ನು ಸೀಗೆಕಾಯಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಮಡಚಿ ಆ ಶನಿವಾರ ತಗೊಂಡು ಹೋದೆ. ಅವರು ಕಿಟಕಿಯಿಂದಲೇ ಮಾತಾಡಿದರು. "ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಅದಕ್ಕೇ ಹಾಕು." ಕಾಫಿ ಕುಡೀತೀಯಾ ಅಂತ ಕೇಳಲಿಲ್ಲ. ನಾಯಿ ಗೇಟಿನ ಮುಂದೆ ರೊಟ್ಟಿಗೆ ಅಂತ ಕಾಯುತ್ತಾ ಕೂತೇ ಇತ್ತು. ಎಳೆದುಕೊಂಡು ಬರಬೇಕಾಯಿತು. ಆಮೇಲೆ ನಾನು ಆ ಬೀದಿ ಬಿಟ್ಟೆ.

ಉಳಿದ ಬೀದಿಗಳನ್ನೂ ಒಂದೊಂದಾಗಿ ಬಿಟ್ಟೆ. ಸ್ವೆಟರಿನ ಕೆಳಗೆ ಏನಿದೆ ಅಂತ ಎಲ್ಲರಿಗೂ ಗೊತ್ತಾಗುತ್ತಾ ಬಂತು, ಕತ್ತು ಕೂಡ ಬೋಳಾಯಿತು. ಯಾರೂ ಪರಿಚಯವಿಲ್ಲದ ಕಡೆ ಹೋಗೋಣ ಅಂತ ಕೆಂಗೇರಿ ದಾರಿಯ ಹೊಸ ಸೈಟುಗಳ ಕಡೆ ಹೊರಟೆ. ಅಲ್ಲಿ ನಾಲ್ಕು ಸೈಟಿಗೆ ಒಂದು ಮನೆ ಎದ್ದಿತ್ತು, ಉಳಿದಿದ್ದೆಲ್ಲ ಲಂಟಾನ ಮತ್ತು ಕಲ್ಲು. ಹೊಸ ಮನೆಯವರ ಹತ್ತಿರ ಹಳೇ ಬಟ್ಟೆ ಎಲ್ಲಿರುತ್ತೆ? ಆದರೂ ಹೋದೆ. ನಾಯಿ ನೂರು ಹೆಜ್ಜೆಗೊಂದು ಸಲ ಕೂರುತ್ತಿತ್ತು. ಅದು ಕೂತಾಗ ಬುಟ್ಟಿ ಇಳಿಸಿ ನಾನೂ ಕೂರುತ್ತಿದ್ದೆ. ಅದಕ್ಕೆ ಆಗ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಅಂತ ಕಾಣುತ್ತೆ. ನಾನು ಮಾತಾಡುತ್ತಿದ್ದೆ.

ಯುಗಾದಿಯ ಹೊತ್ತಿಗೆ ಅದು ನಡೆಯೋದು ನಿಲ್ಲಿಸಿತು. ಹನ್ನೊಂದು ದಿನ ನಾನೂ ಬುಟ್ಟಿ ಎತ್ತಲಿಲ್ಲ. ಒಂದು ಮಧ್ಯಾಹ್ನ ಹೊಸ್ತಿಲ ಬಿಸಿಲಿನಲ್ಲಿ ಮಲಗಿದ್ದ ಹಾಗೇ ಹೋಯಿತು. ಲೇತ್ ಶಾಪಿನವನು ಗುಂಡಿ ತೋಡಿಕೊಟ್ಟ. ಒಂದು ಎಳೆ ಕೂದಲೂ ವಾಪಸ್ ಬರಲಿಲ್ಲ. ಯಾಕೆ ಉದುರಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ವಿಜಯನಗರದಲ್ಲಿ ನನ್ನ ಪಾತ್ರೆ ಅಂಗಡಿಗೆ ಬರುವವರು ಮುದಿ ನಾಯಿಯ ವಿಷಯ ತೆಗೆದರೆ ಹೇಳ್ತೀನಿ: ಕೆರೆದುಕೊಳ್ಳುತ್ತಾ ನೋಡಿ, ಎರಡೂ ಪಕ್ಕ ಸಮನಾಗಿ ಉದುರಿದೆಯಾ ನೋಡಿ, ಮೊದಲು ಡಾಕ್ಟರ ಹತ್ತಿರ ಹೋಗಿ, ಅಡುಗೆಮನೆ ಔಷಧಿ ಆಮೇಲಿರಲಿ. ಈಗ ರಕ್ತ ಪರೀಕ್ಷೆ ಎಲ್ಲ ಇದೆಯಂತೆ.

ನಾಯಿ ಇಲ್ಲ ಅಂತಾದ ಮೇಲೆ ಗೇಟುಗಳೆಲ್ಲ ತೆರೆದುಕೊಂಡವು. "ಎಲ್ಲಮ್ಮ ನಿನ್ನ ನಾಯಿ?" ಅಂತ ಗೇಟು ಹಾಕಿಕೊಂಡಿದ್ದವರೇ ಕೇಳಿದರು. "ಅಯ್ಯೋ ಪಾಪ" ಅಂದರು, ಬಟ್ಟೆ ತಂದರು. ಮಳೆಗಾಲ ಶುರುವಾದಾಗ ಬಸವೇಶ್ವರನಗರದ ಆ ಬೀದಿಗೂ ಹೋದೆ. ಶನಿವಾರವೇ. ಟೀಚರಮ್ಮ ಎರಡು ಸೀರೆ ತಂದರು. ನಾನು ಅವರು ತೋರಿಸಿದ ಪಾತ್ರೆ ತೆಗೆದು ಕೊಟ್ಟೆ, ಸೀರೆಯ ಅಂಚು ನೋಡಲಿಲ್ಲ, ಮಡಿಕೆ ಬಿಚ್ಚಲಿಲ್ಲ.

"ಕೊನೆಗೂ ಏನಾಗಿತ್ತಂತೆ ಅದಕ್ಕೆ?" ಅಂತ ಕೇಳಿದರು.

"ಗೊತ್ತಾಗಲಿಲ್ಲ ಮೇಡಂ."

ಅವರು ತಲೆಯಾಡಿಸಿದರು. ಮಳೆ ಹನಿ ಬೀಳೋಕೆ ಶುರುವಾಗಿತ್ತು. ಒಳಗೆ ಕಾಫಿಯ ವಾಸನೆ ಬರುತ್ತಿತ್ತು. ನಾನು ಸೆರಗಿನ ಸಿಂಬೆ ಸುತ್ತಿಕೊಳ್ಳುತ್ತಾ, ಬೇಕಂತಲೇ ಸ್ವಲ್ಪ ತಡ ಮಾಡಿದೆ. ಅವರು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು, ಕೂತ್ಕೋ ಅನ್ನಲಿಲ್ಲ. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸೋಕೆ ಆಗಲ್ಲ, ಎದುರಿಗೆ ಯಾರಾದರೂ ಬೇಕು. "ಸ್ವಲ್ಪ ಕೈ ಕೊಡಿ ಮೇಡಂ" ಅಂದೆ. ಪಾತ್ರೆ ಮೆಟ್ಟಿಲ ಮೇಲಿಟ್ಟು ಬಂದು ಕೈ ಕೊಟ್ಟರು. ಬುಟ್ಟಿ ತಲೆ ಮೇಲೆ ಕೂತಿತು, ಅವರು ಕೈ ತೆಗೆದರು.

"ಬರ್ತೀನಿ ಮೇಡಂ."

"ಹೂಂ."

ಗೇಟು ನಾನೇ ಹಾಕಿಕೊಂಡು ಮುಂದಿನ ರಸ್ತೆಗೆ ತಿರುಗಿದೆ. ಆ ರಸ್ತೆಯ ಉದ್ದಕ್ಕೂ "ಹಳೇ ಬಟ್ಟೆಗೆ ಪಾತ್ರೆ" ಅಂತ ಕೂಗು ಹಾಕೋಕೆ ಮರೆತು ನಡೆದುಬಿಟ್ಟೆ.